ಮೊದಲು ಪೆಟ್ಟಿಗೆ ಎಣಿಸಿ, ಆಮೇಲೆ ಗಾಡಿ ಹಿಡಿಯಿರಿ

ಅಹಮದಾಬಾದಿನಲ್ಲಿ ಟ್ಯಾಕ್ಸಿಯ ಡಿಕ್ಕಿ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಸಿಎನ್‌ಜಿ ಸಿಲಿಂಡರು. ಹಿಂದಿನ ಸೀಟಿನ ಬೆನ್ನಿಗೆ ಒರಗಿ ಅಡ್ಡಡ್ಡ ಕೂತಿರುವ ಆ ಉಕ್ಕಿನ ಉರುಳೆ ಡಿಕ್ಕಿಯ ಒಳ್ಳೆಯ ಜಾಗವನ್ನೆಲ್ಲ ತಾನೇ ಹಿಡಿದುಕೊಂಡಿರುತ್ತದೆ. ಗುಜರಾತಿನಲ್ಲಿ ಸಿಎನ್‌ಜಿ ಬಂಕುಗಳ ಜಾಲ ದಟ್ಟವಾಗಿದೆ, ಪೆಟ್ರೋಲಿಗಿಂತ ಖರ್ಚೂ ಕಡಿಮೆ. ಹಾಗಾಗಿ ಅಲ್ಲಿನ ಬಾಡಿಗೆ ಕಾರುಗಳಲ್ಲಿ ಸಿಎನ್‌ಜಿಯದೇ ಮೇಲುಗೈ. ಬೆಂಗಳೂರಿನ ಲೆಕ್ಕದಲ್ಲಿ 'ಒಂದು ಕಾರು ಸಾಕು' ಎಂದು ಹೊರಟವರು ಅಲ್ಲಿನ ಆಗಮನದ ಬಾಗಿಲಲ್ಲಿ ತಬ್ಬಿಬ್ಬಾಗುವುದು ಇದೇ ಕಾರಣಕ್ಕೆ.

ನನಗೂ ಹಾಗೇ ಆಯಿತು. ಅಪ್ಪ ಅಮ್ಮನನ್ನು ದ್ವಾರಕೆ, ಸೋಮನಾಥ ನೋಡಿಸಲೆಂದು ಕರೆದುಕೊಂಡು ಹೋಗಿದ್ದೆವು. ರಾತ್ರಿ ಹನ್ನೊಂದರ ಹೊತ್ತಿಗೆ ಅಹಮದಾಬಾದಿನಲ್ಲಿ ಇಳಿದಾಗ ನಾವು ನಾಲ್ಕು ಜನ, ಎರಡು ದೊಡ್ಡ ಸೂಟ್‌ಕೇಸು, ಒಂದು ಮಧ್ಯಮ ಗಾತ್ರದ್ದು, ಜೊತೆಗೆ ಅಮ್ಮ ಬಿಡದೆ ಹೊತ್ತು ತಂದ ಚಟ್ನಿಪುಡಿ, ಅವಲಕ್ಕಿಯ ಚೀಲ. ಫೋನಿನಲ್ಲಿ ಕಂಡ ಅತಿ ಕಡಿಮೆ ದರದ ಕಾರನ್ನೇ ಬುಕ್ ಮಾಡಿದ್ದೆ. ಡ್ರೈವರ್ ಬಂದು, ಏನೂ ಮಾತಾಡದೆ ಡಿಕ್ಕಿ ಎತ್ತಿ ತೋರಿಸಿದರು. ಒಂದು ಪೆಟ್ಟಿಗೆಯೂ ನೆಟ್ಟಗೆ ಕೂರುವ ಹಾಗಿರಲಿಲ್ಲ. ಎರಡನೇ ಕಾರು ಬರುವ ತನಕ ಎಪ್ಪತ್ತು ದಾಟಿದ ಅಮ್ಮ ಸೂಟ್‌ಕೇಸಿನ ಮೇಲೆ ಕೂತು ಕಾದರು. ಉಳಿಸಲು ಹೋದ ನೂರು ರೂಪಾಯಿಗೆ ಅವರ ಅರ್ಧ ಗಂಟೆಯ ನಿದ್ದೆ ಕೊಟ್ಟೆವು. ಆಮೇಲೆ ಈ ರಾಜ್ಯಕ್ಕೆ ಹೋದಾಗಲೆಲ್ಲ ಗಮನಿಸಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ಸೀರೆ, ಡ್ರೆಸ್ ಮೆಟೀರಿಯಲ್ ಖರೀದಿಗೆ ಸೂರತ್‌ಗೆ ಹೋಗುವ ವರ್ತಕರು, ಮಕ್ಕಳನ್ನು ಅಹಮದಾಬಾದಿನ ಐಐಎಂ, ಎನ್‌ಐಡಿಗೋ ವಡೋದರಾದ ಎಂ.ಎಸ್. ವಿಶ್ವವಿದ್ಯಾಲಯಕ್ಕೋ ಸೇರಿಸಲು ಹೋಗುವ ತಂದೆತಾಯಂದಿರು, ಯಾತ್ರೆಗೆ ಹೊರಟ ಕುಟುಂಬಗಳು: ಈ ಮೂರೂ ಬಗೆಯವರ ಕೈಯಲ್ಲಿ ಸಾಮಾನು ಹೆಚ್ಚು. ಈ ಬರಹ ಅವರಿಗಾಗಿ.

ದೂರ ಚಿಕ್ಕದು, ತುದಿಗಳು ಕಷ್ಟದವು

ಬೆಂಗಳೂರಿನಲ್ಲಿ ವಿಮಾನ ನಿಲ್ದಾಣವೆಂದರೆ ದೂರದ ಲೆಕ್ಕ. ದೇವನಹಳ್ಳಿ ನಗರದ ಮಧ್ಯದಿಂದ ಸುಮಾರು 35 ಕಿ.ಮೀ. ಅಲ್ಲಿ ಟ್ಯಾಕ್ಸಿಗೂ ವಾಯುವಜ್ರ ಬಸ್ಸಿಗೂ ದರದಲ್ಲಿ ಅಜಗಜಾಂತರ. ವಾಯುವಜ್ರದ ಒಳಗೆ ಸೂಟ್‌ಕೇಸ್ ಇಡಲೆಂದೇ ಜಾಗ ಬಿಟ್ಟಿದ್ದಾರೆ. ಆದ್ದರಿಂದ ನಮ್ಮ ತಲೆಯಲ್ಲಿ 'ಬಸ್ಸೋ ಟ್ಯಾಕ್ಸಿಯೋ' ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ.

ಗುಜರಾತಿನ ಈ ಮೂರು ಊರುಗಳಲ್ಲಿ ಪ್ರಶ್ನೆ ಬೇರೆ. ಅಹಮದಾಬಾದಿನ ಸರ್ದಾರ್ ವಲ್ಲಭಭಾಯಿ ಪಟೇಲ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇರುವುದು ಹನ್ಸೋಲ್‌ನಲ್ಲಿ, ಹಳೆ ನಗರದಿಂದ ಹೆಚ್ಚೂಕಡಿಮೆ 10 ಕಿ.ಮೀ. ವಡೋದರಾದ್ದು ಹರಣಿಯಲ್ಲಿ, ರೈಲು ನಿಲ್ದಾಣಕ್ಕೆ 6 ಕಿ.ಮೀ. ಆಸುಪಾಸು. ಸೂರತ್‌ನದು ಡುಮಸ್ ರಸ್ತೆಯ ಮಗ್ದಲ್ಲಾ ಬಳಿ, ಊರ ನಡುವಿಗೆ 12ರಿಂದ 15 ಕಿ.ಮೀ. ಇಷ್ಟು ಚಿಕ್ಕ ದಾರಿಯಲ್ಲಿ ಅಗ್ಗದ ಗಾಡಿಗೂ ದುಬಾರಿ ಗಾಡಿಗೂ ಇರುವ ವ್ಯತ್ಯಾಸ ಕೆಲವು ನೂರು ರೂಪಾಯಿಯೊಳಗೇ ಮುಗಿಯುತ್ತದೆ. ಕಷ್ಟ ಇರುವುದು ಎರಡು ತುದಿಗಳಲ್ಲಿ. ಒಂದು, ಟ್ರಾಲಿಯಿಂದ ಗಾಡಿಗೆ ಸಾಮಾನು ಏರಿಸುವ ತುದಿ. ಇನ್ನೊಂದು, ಗಾಡಿ ನಿಂತ ಜಾಗದಿಂದ ಹೋಟೆಲಿನ ರಿಸೆಪ್ಷನ್ ತನಕದ ಕೊನೆಯ ನೂರು ಮೀಟರು.

ಆದ್ದರಿಂದ ಆಯ್ಕೆಯ ಕ್ರಮ ಹೀಗಿರಲಿ: ಮೊದಲು ಪೆಟ್ಟಿಗೆಗಳ ಸಂಖ್ಯೆ, ಆಮೇಲೆ ಹೋಟೆಲಿನ ಬಾಗಿಲು, ಕೊನೆಗೆ ದರ.

ಯಾವ ಗಾಡಿಯಲ್ಲಿ ಎಷ್ಟು ಹಿಡಿಯುತ್ತದೆ

ಗಾಡಿಯ ಲೆಕ್ಕ ಹಾಕುವಾಗ ಜನರ ತಲೆ ಎಣಿಸುವುದು ರೂಢಿ. ಲಗೇಜ್ ಇದ್ದಾಗ ಎರಡನ್ನೂ ಕೂಡಿಸಿ ಎಣಿಸಬೇಕು.

*ಆಟೊ.* ಅಲ್ಲಿ ಎಲ್ಲರೂ ಕರೆಯುವುದು 'ರಿಕ್ಷಾ' ಎಂದೇ. ಒಬ್ಬರು, ಒಂದು ದೊಡ್ಡ ಸೂಟ್‌ಕೇಸು, ಒಂದು ಕೈಚೀಲ ಇದ್ದರೆ ಆರಾಮ. ಇಬ್ಬರಿದ್ದು ಎರಡು ಕ್ಯಾಬಿನ್ ಬ್ಯಾಗ್ ಇದ್ದರೂ ನಡೆಯುತ್ತದೆ. ಸೀಟಿನ ಹಿಂದಿನ ಹಲಗೆಯ ಮೇಲೆ ಬೆನ್ನುಚೀಲ ತೂರಿಸಬಹುದು. ಇಬ್ಬರು ಮತ್ತು ಎರಡು ದೊಡ್ಡ ಪೆಟ್ಟಿಗೆ ಎಂದಾಗ ಪೆಟ್ಟಿಗೆ ಬದಿಯಿಂದ ಹೊರಗೆ ಚಾಚಿಕೊಳ್ಳುತ್ತದೆ. ಪಕ್ಕದಲ್ಲಿ ಹಾಯುವ ಬೈಕಿಗೂ ನಿಮ್ಮ ಮೊಣಕಾಲಿಗೂ ಅದು ಅಪಾಯ. ಆಗ ರಿಕ್ಷಾ ಬಿಟ್ಟುಬಿಡಿ.

*ಚಿಕ್ಕ ಕಾರು.* ಸಿಎನ್‌ಜಿ ಹಾಕಿಸಿದ ವ್ಯಾಗನ್‌ಆರ್‌ನಂಥ ಕಾರಿನಲ್ಲಿ ಸಿಲಿಂಡರ್ ಕೂತ ಮೇಲೆ ಡಿಕ್ಕಿಯಲ್ಲಿ ಉಳಿಯುವುದು ಕೈಚೀಲಗಳ ಜಾಗ. ಇಬ್ಬರು ಪ್ರಯಾಣಿಕರಿದ್ದರೆ ಒಂದು ದೊಡ್ಡ ಪೆಟ್ಟಿಗೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಬಹುದು. ಮೂವರಾದರೆ ಆಗದು.

*ಡಿಜೈರ್‌ನಂಥ ಸೆಡಾನ್.* ಪೆಟ್ರೋಲ್ ಡಿಜೈರ್‌ನ ಡಿಕ್ಕಿ ಸುಮಾರು 380 ಲೀಟರಿನದು. 75 ಸೆಂ.ಮೀ. ಎತ್ತರದ ದೊಡ್ಡ ಸೂಟ್‌ಕೇಸ್ ಒಂದಕ್ಕೆ 110 ಲೀಟರಿನಷ್ಟು ಜಾಗ ಬೇಕು. ಕಾಗದದ ಮೇಲೆ ಮೂರು ಹಿಡಿಯಬೇಕು. ಸಿಎನ್‌ಜಿ ಡಿಜೈರ್‌ನ ಸಿಲಿಂಡರ್ ನೀರಿನ ಅಳತೆಯಲ್ಲಿ 55 ಲೀಟರಿನದಾದರೂ, ದುಂಡಗಿನ ಉರುಳೆಯ ಸುತ್ತ ಚೌಕದ ಪೆಟ್ಟಿಗೆ ಕೂರದ ಕಾರಣ ಅದು ನುಂಗುವ ಜಾಗ ಅದಕ್ಕಿಂತ ಬಹಳ ಹೆಚ್ಚು. ಒಂದು ಮಧ್ಯಮ ಪೆಟ್ಟಿಗೆ, ಒಂದೆರಡು ಕೈಚೀಲ ಎಂದೇ ಎಣಿಸಿಕೊಳ್ಳಿ. ಚೀಲಗಳು ಬಟ್ಟೆಯವಾದರೆ ಸಿಲಿಂಡರಿನ ಮೇಲೂ ಬದಿಗೂ ಬಗ್ಗಿ ಕೂರುತ್ತವೆ. ಗಟ್ಟಿ ಚಿಪ್ಪಿನ ಸೂಟ್‌ಕೇಸು ಬಗ್ಗುವುದಿಲ್ಲ. ಗುಜರಾತಿಗೆ ಹೋಗುವಾಗ ಮೆತ್ತನೆಯ ಚೀಲ ಮೇಲು ಎನ್ನುವುದು ಇದಕ್ಕೇ.

2023ರಿಂದ ಟಾಟಾ ಕಂಪನಿಯ ಕೆಲವು ಸಿಎನ್‌ಜಿ ಕಾರುಗಳಲ್ಲಿ ಒಂದು ದೊಡ್ಡ ಸಿಲಿಂಡರಿನ ಬದಲು 30 ಲೀಟರಿನ ಎರಡು ಚಿಕ್ಕ ಸಿಲಿಂಡರುಗಳನ್ನು ಡಿಕ್ಕಿಯ ನೆಲದಡಿಗೆ ಇಳಿಸಿದ್ದಾರೆ. ಅಂಥ ಕಾರು ಬಂದರೆ ಅದೃಷ್ಟ. ಮೇಲಿನ ಜಾಗ ಸಪಾಟಾಗಿ ಸಿಗುತ್ತದೆ.

*ಆರು-ಏಳು ಸೀಟಿನ ಕಾರು.* ದೊಡ್ಡ ಕುಟುಂಬ ಮೋಸಹೋಗುವುದು ಇಲ್ಲೇ. ಎರ್ಟಿಗಾದ ಮೂರನೇ ಸಾಲು ಎತ್ತಿ ನಿಲ್ಲಿಸಿದರೆ ಹಿಂದೆ ಉಳಿಯುವುದು 209 ಲೀಟರ್, ಅಂದರೆ ಎರಡು ದೊಡ್ಡ ಪೆಟ್ಟಿಗೆಗೂ ಸಾಲದು. ಸಿಎನ್‌ಜಿ ಇದ್ದರೆ ಅದೂ ಇಲ್ಲ. ಮೂರನೇ ಸಾಲು ಮಡಚಿದರೆ 550 ಲೀಟರ್ ತೆರೆದುಕೊಳ್ಳುತ್ತದೆ. ನಾಲ್ಕು ಜನ ಮತ್ತು ನಾಲ್ಕು ಪೆಟ್ಟಿಗೆಗೆ ಅದು ಹೇಳಿ ಮಾಡಿಸಿದ ಗಾಡಿ. ಆರು ಜನ ಮತ್ತು ಆರು ಪೆಟ್ಟಿಗೆಗೆ ಎರಡು ಕಾರು ಬೇಕೇ ಬೇಕು, ಇಲ್ಲವೇ ಮೇಲೆ ಕ್ಯಾರಿಯರ್ ಇರುವ ಗಾಡಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮಳೆಗಾಲವಾದರೆ ಕ್ಯಾರಿಯರ್‌ಗೆ ಹೊದಿಸುವ ತಾಡಪಾಲು ಇದೆಯೇ ಎಂದೂ ಕೇಳಿ.

*ಬೈಕ್ ಟ್ಯಾಕ್ಸಿ.* ಬೆನ್ನುಚೀಲ ಒಂದೇ ಇದ್ದವರಿಗೆ ಮಾತ್ರ. ಡ್ರೈವರ್ ಕಾಲಿನ ಬಳಿ ಸೂಟ್‌ಕೇಸ್ ಇಟ್ಟುಕೊಳ್ಳುತ್ತೇನೆಂದರೂ ಒಪ್ಪಬೇಡಿ.

ಕ್ಯಾಬ್ ಬುಕ್ ಆದ ತಕ್ಷಣ ಡ್ರೈವರ್‌ಗೆ ಫೋನ್ ಮಾಡಿ ಎರಡು ಮಾತು ಕೇಳಿಬಿಡಿ: ಡಿಕ್ಕಿಯಲ್ಲಿ ಸಿಲಿಂಡರ್ ಇದೆಯೇ, ಗ್ಯಾಸ್ ತುಂಬಿದೆಯೇ? ಎರಡನೆಯ ಪ್ರಶ್ನೆಗೆ ಕಾರಣವಿದೆ. ದಾರಿಯಲ್ಲಿ ಬಂಕಿಗೆ ಹೋದರೆ ಗ್ಯಾಸ್ ತುಂಬಿಸುವಾಗ ಸುರಕ್ಷತೆಗಾಗಿ ಎಲ್ಲರನ್ನೂ ಕೆಳಗಿಳಿಸುತ್ತಾರೆ. ವಯಸ್ಸಾದವರು, ಮಲಗಿದ ಮಕ್ಕಳು ಜೊತೆಗಿದ್ದಾಗ ಸಾಲಿನಲ್ಲಿ ಕಾದು ಇಳಿದು ಹತ್ತುವುದು ಬಹಳ ತ್ರಾಸ.

ಅಹಮದಾಬಾದ್: ಹೊಳೆಯ ಯಾವ ದಡ?

ಇಲ್ಲಿ ಟರ್ಮಿನಲ್‌ಗಳು ಎರಡು, ಒಂದಕ್ಕೊಂದು ಅಂಟಿಕೊಂಡಿಲ್ಲ. ಕ್ಯಾಬ್ ಬುಕ್ ಮಾಡುವಾಗ ನೀವು ಇಳಿದ ಟರ್ಮಿನಲ್ಲನ್ನೇ ಆರಿಸಿ. ತಪ್ಪಿದರೆ ಗಾಡಿ ಒಂದು ಕಡೆ, ನೀವೊಂದು ಕಡೆ. ಪಿಕಪ್ ಜಾಗದ ತನಕ ಟ್ರಾಲಿ ತಳ್ಳಿಕೊಂಡು ಹೋಗಿ, ಗಾಡಿ ಕಣ್ಣಿಗೆ ಬೀಳುವವರೆಗೆ ಟ್ರಾಲಿ ಬಿಟ್ಟುಕೊಡಬೇಡಿ. ಒಟಿಪಿ ಹೇಳುವ ಮೊದಲು ನಂಬರ್ ಪ್ಲೇಟ್ ನೋಡಿ, ಪೆಟ್ಟಿಗೆಗಳೆಲ್ಲ ಒಳಗೆ ಕೂತವೇ ನೋಡಿ. ಒಟಿಪಿ ಕೊಟ್ಟ ಮೇಲೆ ಪ್ರಯಾಣ ಶುರುವಾದ ಲೆಕ್ಕ. ಆಮೇಲೆ ಲಗೇಜ್ ಹಿಡಿಯುವುದಿಲ್ಲ ಎಂದರೆ ರದ್ದು ಮಾಡುವ ಗೋಜು.

ಸಾಬರಮತಿ ಈ ಊರನ್ನು ಎರಡಾಗಿ ಹಂಚಿದೆ. ಪೂರ್ವ ದಡದಲ್ಲಿ ಕೋಟೆಯೊಳಗಿನ ಹಳೆ ನಗರ: ಕಾಲೂಪುರ್, ರಿಲೀಫ್ ರಸ್ತೆ, ಲಾಲ್ ದರ್ವಾಜಾ, ಮಾಣೆಕ್ ಚೌಕ್. ಪಶ್ಚಿಮದಲ್ಲಿ ಆಶ್ರಮ ರಸ್ತೆ, ಸಿ.ಜಿ. ರಸ್ತೆ, ಇನ್ನೂ ಆಚೆಗೆ ಎಸ್.ಜಿ. ಹೈವೇ. ವಿಮಾನ ನಿಲ್ದಾಣ ಇರುವುದೂ ಪೂರ್ವ ದಡದಲ್ಲೇ, ಉತ್ತರದ ತುದಿಗೆ. ಹಳೆ ನಗರಕ್ಕೆ ಶಾಹೀಬಾಗ್, ದೆಲ್ಲಿ ದರ್ವಾಜಾ ಹಾದು ಹೊಳೆ ದಾಟದೆ ಹೋಗಬಹುದು. ಆಶ್ರಮ ರಸ್ತೆಗೆ ಸೇತುವೆ ದಾಟಬೇಕು. ಎಸ್.ಜಿ. ಹೈವೇಯ ಇಸ್ಕಾನ್ ಕಡೆಗಾದರೆ ಊರನ್ನೇ ಅಡ್ಡಹಾಯಬೇಕು. ದೂರ ಸುಮಾರು ಇಮ್ಮಡಿ, ಸಂಜೆಯಾದರೆ ಹೊತ್ತು ಇನ್ನೂ ಹೆಚ್ಚು. ಒಂದೇ ಹೆಸರಿನ ಹೋಟೆಲಿಗೆ ಆಶ್ರಮ ರಸ್ತೆಯಲ್ಲೊಂದು, ಹೈವೇಯಲ್ಲೊಂದು ಶಾಖೆ ಇರುವುದುಂಟು. ಬುಕಿಂಗ್ ಚೀಟಿಯಲ್ಲಿರುವ ರಸ್ತೆಯ ಹೆಸರನ್ನು ಡ್ರೈವರ್‌ಗೆ ಓದಿ ಹೇಳಿ. ಕೆಲಸ ಗಾಂಧಿನಗರದಲ್ಲೋ ಗಿಫ್ಟ್ ಸಿಟಿಯಲ್ಲೋ ಇದ್ದರೆ ಅಹಮದಾಬಾದಿನೊಳಗೆ ಹೋಗುವುದೇ ಬೇಡ. ವಿಮಾನ ನಿಲ್ದಾಣದಿಂದ ಉತ್ತರಕ್ಕೆ ಇಂದಿರಾ ಸೇತುವೆ ದಾಟಿದರೆ ಅದೇ ದಾರಿ.

ಹಳೆ ನಗರದಲ್ಲಿ ಉಳಿಯುವವರಿಗೆ ವಿಶೇಷ ಮಾತೊಂದಿದೆ. 2017ರಲ್ಲಿ ಯುನೆಸ್ಕೊ ಈ ಕೋಟೆ ನಗರವನ್ನು ವಿಶ್ವ ಪರಂಪರೆಯ ನಗರವೆಂದು ಘೋಷಿಸಿತು. ಈಗ ಹಲವು ಹವೇಲಿಗಳು ಹೋಟೆಲುಗಳಾಗಿವೆ, ಅಲ್ಲಿ ಉಳಿಯುವುದು ಬಲು ಚೆಂದದ ಅನುಭವ. ಆದರೆ ಅವು ಇರುವುದು ಪೋಳ್‌ಗಳಲ್ಲಿ. ಪೋಳ್ ಎಂದರೆ ಒಂದೇ ದೊಡ್ಡ ಬಾಗಿಲಿನ ಹಿಂದೆ ಮನೆಗಳು ಒತ್ತೊತ್ತಾಗಿ ನಿಂತ ಕೇರಿ. ಒಳಗಿನ ಓಣಿಯಲ್ಲಿ ಎದುರಿಂದ ಸ್ಕೂಟರ್ ಬಂದರೆ ಗೋಡೆಗೆ ಒರಗಿ ದಾರಿ ಬಿಡಬೇಕು. ಕಾರು ದೂರದ ಮುಖ್ಯ ರಸ್ತೆಯಲ್ಲೇ ನಿಲ್ಲುತ್ತದೆ. ರಿಕ್ಷಾ ಇನ್ನೊಂದಿಷ್ಟು ಒಳಗೆ ಹೋಗುತ್ತದೆ. ಅಲ್ಲಿಂದ ಮುಂದೆ ಕಲ್ಲುಹಾಸಿನ ಮೇಲೆ ಸೂಟ್‌ಕೇಸಿನ ಚಕ್ರ ಉರುಳಬೇಕು. ಹವೇಲಿಯ ಒಳಗೆ ಮರದ ಕಡಿದಾದ ಮೆಟ್ಟಿಲು. ಹೋಟೆಲಿಗೆ ಮೊದಲೇ ಫೋನ್ ಮಾಡಿ, ಯಾವ ಪೋಳಿನ ಬಾಗಿಲಲ್ಲಿ ಇಳಿಯಬೇಕು, ಅಲ್ಲಿಗೆ ಸಾಮಾನು ಹೊರಲು ಯಾರನ್ನಾದರೂ ಕಳಿಸುತ್ತಾರೆಯೇ ಎಂದು ಕೇಳಿಕೊಳ್ಳಿ. ಮಾಣೆಕ್ ಚೌಕದ ಹತ್ತಿರದ ಹೋಟೆಲಾದರೆ ರಾತ್ರಿ ತಡವಾಗಿ ತಲುಪಿದರೂ ಗಾಡಿ ಮುಂದೆ ಸಾಗುವುದು ನಿಧಾನ. ಹಗಲು ಚಿನ್ನ–ಬೆಳ್ಳಿಯ ಪೇಟೆಯಾಗಿರುವ ಆ ಚೌಕ ರಾತ್ರಿ ತಿಂಡಿಯ ಸಂತೆಯಾಗಿ ನಡುರಾತ್ರಿಯ ತನಕ ಗಿಜಿಗುಡುತ್ತದೆ.

ಇನ್ನು ಸಾರ್ವಜನಿಕ ಸಾರಿಗೆ. ಅಹಮದಾಬಾದ್ ಮೆಟ್ರೊದ ಮೊದಲ ತುಂಡು ಶುರುವಾದದ್ದು 2019ರ ಮಾರ್ಚ್‌ನಲ್ಲಿ, ಊರನ್ನು ಹಾಯುವ ಎರಡು ದೊಡ್ಡ ಮಾರ್ಗಗಳು ತೆರೆದದ್ದು 2022ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. 2024ರಲ್ಲಿ ಅದು ಗಾಂಧಿನಗರದ ಕಡೆಗೂ ಚಾಚಿತು. ಆದರೆ ಈ ಮಾರ್ಗಗಳಾವುವೂ ವಿಮಾನ ನಿಲ್ದಾಣದ ಬಾಗಿಲಿಗೆ ಬರುವುದಿಲ್ಲ. ಪೆಟ್ಟಿಗೆ ಹೊತ್ತು ರಿಕ್ಷಾದಲ್ಲಿ ಮೆಟ್ರೊ ಸ್ಟೇಷನ್ನಿಗೆ ಹೋಗಿ, ಮತ್ತೆ ಹತ್ತಿ ಇಳಿದು, ಇನ್ನೊಂದು ರಿಕ್ಷಾ ಹಿಡಿಯುವುದರಲ್ಲಿ ಉಳಿತಾಯ ಕಡಿಮೆ, ಆಯಾಸ ಹೆಚ್ಚು. ಸಾಮಾನು ಕೋಣೆಯಲ್ಲಿಟ್ಟ ಮೇಲೆ ಊರು ಸುತ್ತಲು ಮೆಟ್ರೊದಷ್ಟು ತಂಪಾದ, ಅಗ್ಗದ ಸಾಧನ ಇನ್ನೊಂದಿಲ್ಲ.

2009ರ ಅಕ್ಟೋಬರ್‌ನಲ್ಲಿ ಶುರುವಾದ ಜನ್‌ಮಾರ್ಗ್ ಬಿಆರ್‌ಟಿಎಸ್‌ನಲ್ಲಿ ಲಗೇಜಿನವರಿಗೆ ಒಂದು ಅನುಕೂಲ, ಒಂದು ಅನನುಕೂಲ ಇವೆ. ಅದರ ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟದಲ್ಲಿರುವುದರಿಂದ ಚಕ್ರದ ಸೂಟ್‌ಕೇಸನ್ನು ಎತ್ತದೆ ಒಳಗೆ ಉರುಳಿಸಬಹುದು. ಆದರೆ ಆ ನಿಲ್ದಾಣಗಳಿರುವುದು ರಸ್ತೆಯ ನಟ್ಟನಡುವೆ. ಇಳಿದ ಮೇಲೆ ಪೆಟ್ಟಿಗೆ ಎಳೆದುಕೊಂಡು ವಾಹನಗಳ ನಡುವೆ ಅರ್ಧ ರಸ್ತೆ ದಾಟಬೇಕು. ವಿಮಾನ ನಿಲ್ದಾಣಕ್ಕೂ ಜನ್‌ಮಾರ್ಗ್ ಎಸಿ ಬಸ್ ಓಡಿಸುತ್ತದೆ. ಒಬ್ಬರೇ ಇದ್ದು, ಒಂದೇ ಪೆಟ್ಟಿಗೆಯಿದ್ದು, ಹಗಲಾಗಿದ್ದು, ಹೋಟೆಲ್ ಬಸ್ಸಿನ ದಾರಿಯಲ್ಲೇ ಇದ್ದರೆ ಅದು ಒಳ್ಳೆಯದೇ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಕ್ಯಾಬ್ ನೋಡಿ. 1947ರಿಂದ ಊರಿಗೆ ಸೇವೆ ಸಲ್ಲಿಸುತ್ತಿರುವ ಎಎಂಟಿಎಸ್ ನಗರ ಬಸ್ಸುಗಳಲ್ಲಿ ಸೂಟ್‌ಕೇಸ್ ಇಡಲು ಬೇರೆ ಜಾಗವಿಲ್ಲ. ಕೈಚೀಲದವರಿಗಷ್ಟೇ ಅವು.

ವಡೋದರಾ: ರೈಲುಹಳಿಯ ಈಚೆಯೋ ಆಚೆಯೋ?

ಮೂರರಲ್ಲಿ ಅತಿ ಸುಲಭದ ಊರಿದು. 2016ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಟರ್ಮಿನಲ್ ಒಂದೇ, ಹೊರಗೆ ಬಂದರೆ ದಾರಿ ತಪ್ಪುವ ಭಯವಿಲ್ಲ. ದಿನಕ್ಕೆ ವಿಮಾನಗಳು ಕಡಿಮೆ. ಆದ್ದರಿಂದ ಒಂದು ವಿಮಾನ ಇಳಿದಾಗ ಎಲ್ಲರೂ ಒಟ್ಟಿಗೆ ಫೋನ್ ತೆಗೆಯುತ್ತಾರೆ, ಕ್ಯಾಬ್‌ಗಳಿಗೆ ಅಷ್ಟು ಹೊತ್ತು ಬೇಡಿಕೆ ಏರುತ್ತದೆ. ಆದರೂ ಬೆಲ್ಟಿನ ಮೇಲೆ ಪೆಟ್ಟಿಗೆ ಬರುವ ಮೊದಲೇ ಬುಕ್ ಮಾಡಿದರೆ ಗಾಡಿ ಬಂದು ಕಾಯುವಂತಾದೀತು. ಹಾಗಾಗಿ ಪೆಟ್ಟಿಗೆ ಕೈಗೆ ಬಂದ ಮೇಲೆ ಬುಕ್ ಮಾಡುವುದು ಕ್ರಮ. ಕಾಯಲಾಗದಿದ್ದರೆ ಟರ್ಮಿನಲ್‌ನ ಟ್ಯಾಕ್ಸಿಯವರನ್ನು ಕೇಳಿ, ದರವನ್ನು ಹತ್ತುವ ಮೊದಲೇ ಖಚಿತ ಮಾಡಿಕೊಳ್ಳಿ.

ಹೋಟೆಲುಗಳು ಹೆಚ್ಚಾಗಿರುವುದು ರೈಲು ನಿಲ್ದಾಣದ ಎರಡು ಮಗ್ಗುಲಲ್ಲಿ: ಪೂರ್ವಕ್ಕೆ ಸಯಾಜಿಗಂಜ್, ಪಶ್ಚಿಮಕ್ಕೆ ಅಲ್ಕಾಪುರಿ. ನಕ್ಷೆಯಲ್ಲಿ ಎರಡೂ ನಿಲ್ದಾಣಕ್ಕೆ ಅಂಟಿಕೊಂಡಂತೆ ಕಾಣುತ್ತವೆ, ನಡುವೆ ಹಳಿಗಳಿವೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಹಳಿಯಡಿಯ ದಾರಿ ಹಿಡಿಯಬೇಕು. ಅದಕ್ಕೆ ಅಲ್ಲಿ 'ಗರ್‌ನಾಳು' ಎನ್ನುತ್ತಾರೆ. ಜೋರು ಮಳೆ ಬಂದರೆ ಅಲ್ಕಾಪುರಿ ಗರ್‌ನಾಳಿನಲ್ಲಿ ನೀರು ನಿಂತು ಸಂಚಾರ ಕಟ್ಟಿಬಿಡುತ್ತದೆ. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿ ಊರಿನ ಬಹುಭಾಗ ಜಲಾವೃತವಾದದ್ದನ್ನು ನೆನೆಸಿಕೊಳ್ಳಿ. ಮಳೆಗಾಲದಲ್ಲಿ ಹೋಗುವವರು ಮರುದಿನ ರೈಲು ಹಿಡಿಯುವುದಿದ್ದರೆ, ಯಾವ ಕಡೆಯಿಂದ ನಿಲ್ದಾಣದೊಳಗೆ ಹೋಗುವುದು ಸುಲಭವೆಂದು ಹೋಟೆಲಿನಲ್ಲಿ ವಿಚಾರಿಸಿ.

ಏಕತಾ ಪ್ರತಿಮೆ ನೋಡಲು ಬರುವವರೂ ಇಲ್ಲೇ ಇಳಿಯುತ್ತಾರೆ. ಏಕತಾ ನಗರ ಇಲ್ಲಿಂದ ಸುಮಾರು 90 ಕಿ.ಮೀ. ರೈಲಿನಲ್ಲಿ ಹೋಗುವುದಾದರೆ ಸಯಾಜಿಗಂಜ್ ಅನುಕೂಲ. ದೊಡ್ಡ ಪೆಟ್ಟಿಗೆಗಳನ್ನು ಹೋಟೆಲಿನ ಲಗೇಜ್ ಕೋಣೆಯಲ್ಲಿ ಬಿಟ್ಟು ಕೈಚೀಲದಲ್ಲಿ ಹೋಗಿಬನ್ನಿ. ಮಾಂಡ್ವಿ, ನ್ಯಾಯಮಂದಿರದ ಸುತ್ತ ಹಳೆ ಊರಿನಲ್ಲಿ ಉಳಿಯುವವರು ಅಹಮದಾಬಾದಿನ ಪೋಳಿಗೆ ಹೇಳಿದ ಮಾತನ್ನೇ ಇಲ್ಲಿಗೂ ಅನ್ವಯಿಸಿಕೊಳ್ಳಬಹುದು.

ಬೆಂಗಳೂರಿನಿಂದ ವಡೋದರಾಕ್ಕೆ ಹೊಂದುವ ಹೊತ್ತಿನ ವಿಮಾನ ಸಿಗದೆ ಅಹಮದಾಬಾದಿನಲ್ಲಿ ಇಳಿಯುವವರು ಬಹಳ. ಮೂರು-ನಾಲ್ಕು ಜನ, ಸಾಮಾನೂ ಹೆಚ್ಚು ಇದ್ದರೆ ಅಲ್ಲಿಂದಲೇ ನೇರ ಕಾರು ಮಾಡಿಕೊಳ್ಳಿ. ಊರೊಳಗೆ ಹೋಗದೆ ಸರ್ದಾರ್ ಪಟೇಲ್ ರಿಂಗ್ ರಸ್ತೆಯಿಂದ 93 ಕಿ.ಮೀ. ಎಕ್ಸ್‌ಪ್ರೆಸ್ ಹೆದ್ದಾರಿ ಸೇರಿದರೆ ಎರಡು ಗಂಟೆಯ ದಾರಿ. ಟೋಲ್ ದರದೊಳಗೆ ಸೇರಿದೆಯೇ ಎಂಬುದನ್ನು ಮೊದಲೇ ಕೇಳಿ. ಒಬ್ಬರಿಬ್ಬರಾದರೆ ಕಾಲೂಪುರ್ ನಿಲ್ದಾಣದಿಂದ ರೈಲು, ಇಲ್ಲವೇ ಗೀತಾಮಂದಿರ ನಿಲ್ದಾಣದಿಂದ ಸರ್ಕಾರಿ ಬಸ್ಸು.

ಸೂರತ್: ಹೋಗುವಾಗ ಒಂದು, ಬರುವಾಗ ಮೂರು

2023ರ ಡಿಸೆಂಬರ್ 17ರಂದು ಸೂರತ್ ವಿಮಾನ ನಿಲ್ದಾಣದ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು, ಅದೇ ದಿನ ಹತ್ತಿರದ ಖಜೋದ್‌ನಲ್ಲಿ ವಜ್ರೋದ್ಯಮದ ಸೂರತ್ ಡೈಮಂಡ್ ಬೋರ್ಸ್ ಕೂಡ. ವಜ್ರದ ಕೆಲಸಕ್ಕೆ ಹೋಗುವವರಿಗೆ ವೇಸು, ಡುಮಸ್ ರಸ್ತೆಯ ಹೋಟೆಲುಗಳು ಹತ್ತಿರ. ಅಗಲವಾದ ರಸ್ತೆ, ಅಗಲವಾದ ಪೋರ್ಟಿಕೊ, ಯಾವ ಗಾಡಿಯಾದರೂ ಬಾಗಿಲ ತನಕ ಹೋಗುತ್ತದೆ.

ನಮ್ಮ ಬಟ್ಟೆ ವರ್ತಕರ ಊರು ಬೇರೆ. ಅವರ ಕೆಲಸವೆಲ್ಲ ರಿಂಗ್ ರಸ್ತೆಯ ಜವಳಿ ಮಾರುಕಟ್ಟೆಗಳಲ್ಲಿ. ವಿಮಾನ ನಿಲ್ದಾಣದಿಂದ ಡುಮಸ್ ರಸ್ತೆ ಹಿಡಿದು ಅಠ್ವಾ ಗೇಟ್ ತನಕ ಬರುವುದು ಸಲೀಸು. ಅಲ್ಲಿಂದ ಮಜೂರಾ ಗೇಟ್, ಉಧ್ನಾ ದರ್ವಾಜಾ, ಸಹಾರಾ ದರ್ವಾಜಾ ಎನ್ನುತ್ತಾ ಸಾಗಿದಂತೆ ಥಾನುಗಳನ್ನು ಹೇರಿದ ಟೆಂಪೊಗಳು, ಕೈಗಾಡಿಗಳು, ತಲೆಯ ಮೇಲೆ ಗಂಟು ಹೊತ್ತವರು ರಸ್ತೆ ತುಂಬಿಕೊಳ್ಳುತ್ತಾರೆ. 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದ ಮೆಟ್ರೊ ಕಾಮಗಾರಿಯೂ ಊರ ನಡುವೆ ಹಲವೆಡೆ ದಾರಿ ತಿರುಗಿಸಿದೆ. ನಕ್ಷೆ ಹೇಳಿದ ಹೊತ್ತಿನ ಮೇಲೆ ಇನ್ನರ್ಧ ಗಂಟೆ ಇಟ್ಟುಕೊಳ್ಳಿ. ಆದರೆ ಬೆಳಿಗ್ಗೆ ಬೇಗ ಇಳಿದವರಿಗೆ, ಮಾರುಕಟ್ಟೆ ತೆರೆಯುವ ಮುನ್ನ, ಅದೇ ರಸ್ತೆ ಖಾಲಿ.

ಸಿಟಿಲಿಂಕ್ ಹೆಸರಿನ ನಗರ ಬಸ್ಸುಗಳು ಇಲ್ಲಿ ಚೆನ್ನಾಗಿ ಓಡುತ್ತವೆ. ಮಾದರಿ ತೋರಿಸುವ ಒಂದೇ ಚೀಲ ಹಿಡಿದು ಬರುವ ವರ್ತಕರಿಗೆ ಹಗಲಲ್ಲಿ ಅದು ಸಾಕು. ಹೋಗುವಾಗ ಚೀಲ ಒಂದೇ ಇದ್ದರೂ ವಾಪಸು ಹೊರಡುವಾಗ ಮೂರಾಗುವುದು ಈ ಊರಿನ ಗುಣ. ಆಗ ಗಾಡಿಯ ಲೆಕ್ಕವೂ ಬದಲಾಗುತ್ತದೆ, ವಿಮಾನದ ತೂಕದ ಲೆಕ್ಕವೂ. ದೇಶದೊಳಗಿನ ಸಾಮಾನ್ಯ ಟಿಕೆಟಿಗೆ ಸಿಗುವುದು 15 ಕೆ.ಜಿ. ಅಷ್ಟೇ; ಐವತ್ತು ಸೀರೆ ಕಟ್ಟಿದರೆ ಅದು ಅಲ್ಲಿಗೇ ಮುಗಿಯುತ್ತದೆ. ಹಳಬರು ಮಾಡುವ ಹಾಗೆ ಮಾಲನ್ನು ಮಾರುಕಟ್ಟೆಯಿಂದಲೇ ಟ್ರಾನ್ಸ್‌ಪೋರ್ಟ್ ಪಾರ್ಸೆಲ್ ಹಾಕಿಸಿ, ಬಿಲ್ಲು ಮತ್ತು ಒಂದೆರಡು ಮಾದರಿ ಮಾತ್ರ ಕೈಯಲ್ಲಿ ತನ್ನಿ. ಹೊರಡುವ ದಿನ ರಿಕ್ಷಾದಲ್ಲಿ ಹೋಗಬಹುದಾದಷ್ಟು ಹಗುರವಾಗಿ ಇರುವುದೇ ಸೂರತ್‌ನಲ್ಲಿ ದೊಡ್ಡ ಉಳಿತಾಯ.

ಇಲ್ಲಿಯೂ ಅಹಮದಾಬಾದಿನಲ್ಲೂ 'ಶಟಲ್ ರಿಕ್ಷಾ' ಎಂಬ ಹಂಚಿಕೆಯ ಆಟೊಗಳಿವೆ. ಸ್ಥಳೀಯರಿಗೆ ಅದು ಬಹಳ ಉಪಯುಕ್ತ. ಲಗೇಜ್ ಇರುವ ಹೊರಗಿನವರಿಗೆ ಅದು ತಕ್ಕುದಲ್ಲ. ಅಪರಿಚಿತರ ನಡುವೆ ಒತ್ತಿ ಕೂತು, ನಡುನಡುವೆ ಜನ ಹತ್ತಿ ಇಳಿಯುವಾಗ ಚೀಲಗಳ ಮೇಲೆ ಕಣ್ಣಿಡುವುದು ಕಷ್ಟ.

ದರದ ಮಾತು

ರಿಕ್ಷಾ ದರಕ್ಕೆ ಒಂದು ಅಳತೆಗೋಲು ಇಟ್ಟುಕೊಳ್ಳಿ. 2022ರ ಜೂನ್‌ನಲ್ಲಿ ಗುಜರಾತ್ ಸರ್ಕಾರ ನಿಗದಿ ಮಾಡಿದ ಪ್ರಕಾರ ಮೊದಲ 1.2 ಕಿ.ಮೀ.ಗೆ 20 ರೂಪಾಯಿ, ಆಮೇಲೆ ಕಿ.ಮೀ.ಗೆ 15. ಹತ್ತು ಕಿ.ಮೀ. ದಾರಿಗೆ ಲೆಕ್ಕ ಹಾಕಿದರೆ 152 ರೂಪಾಯಿ. ಅಹಮದಾಬಾದಿನಲ್ಲಿ 2025ರ ಜನವರಿ 1ರಿಂದ ಮೀಟರ್ ಕಡ್ಡಾಯ ಮಾಡಿದ್ದಾರೆ. ಯಾರಾದರೂ 500 ಕೇಳಿದರೆ ಅದು ಹೆಚ್ಚೆಂದು ನಿಮಗೆ ಗೊತ್ತಿರುತ್ತದೆ; 200 ಕೇಳಿ, ಪೆಟ್ಟಿಗೆ ಎತ್ತಿ ಇಡುತ್ತೇನೆಂದರೆ ಅದು ನ್ಯಾಯವೆಂದೂ ಗೊತ್ತಾಗುತ್ತದೆ. ರಿಕ್ಷಾ ಆಗಮನದ ಬಾಗಿಲಿಗೇ ಬರುತ್ತದೆಂದು ಮಾತ್ರ ಎಣಿಸಬೇಡಿ. ಎಲ್ಲಿ ಸಿಗುತ್ತದೆಂದು ಅಲ್ಲಿನ ಸಿಬ್ಬಂದಿಯನ್ನು ಕೇಳಿ, ಅಷ್ಟು ದೂರ ಪೆಟ್ಟಿಗೆ ಎಳೆಯಬಲ್ಲಿರಾ ಎಂದು ನೋಡಿ, ಆಮೇಲೆ ನಿರ್ಧರಿಸಿ.

ಕ್ಯಾಬ್ ಆ್ಯಪ್‌ಗಳಲ್ಲಿ ದರ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ವಿಮಾನ ನಿಲ್ದಾಣದ ಪಾರ್ಕಿಂಗ್ ಶುಲ್ಕ ಅದರಲ್ಲಿ ಸೇರಿದೆಯೇ ಎಂದು ಬಿಲ್ಲಿನ ವಿವರ ನೋಡಿ. ರಾತ್ರಿ ಹನ್ನೊಂದರ ನಂತರ ಇಳಿಯುವವರು, ವಯಸ್ಸಾದವರ ಜೊತೆಗಿರುವವರು, ಮೊದಲ ಸಲ ಹೋಗುವವರು ಹೋಟೆಲಿನದೇ ಕಾರು ಕೇಳಿ. ಸ್ವಲ್ಪ ಹೆಚ್ಚಾದರೂ ಡ್ರೈವರ್‌ಗೆ ಹೋಟೆಲಿನ ಬಾಗಿಲು ಗೊತ್ತು, ಪೆಟ್ಟಿಗೆ ಹೊರಲು ಜನ ಕಾದಿರುತ್ತಾರೆ.

ದಿನ ನೋಡಿ ಹೊರಡಿ

ಕೆಲವು ದಿನ ಲೆಕ್ಕಾಚಾರವೆಲ್ಲ ತಲೆಕೆಳಗಾಗುತ್ತದೆ. ಜನವರಿ 14, 15ರ ಉತ್ತರಾಯಣದಂದು ಊರೆಲ್ಲ ಗಾಳಿಪಟ. ಹರಿದ ದಾರ ಕೊರಳಿಗೆ ಸಿಕ್ಕಿ ಪ್ರಾಣ ಹೋದದ್ದಿದೆ. ಆ ದಿನಗಳಲ್ಲಿ ಬೈಕ್ ಟ್ಯಾಕ್ಸಿ ಬೇಡವೇ ಬೇಡ. ನವರಾತ್ರಿಯ ಒಂಬತ್ತು ರಾತ್ರಿ ಗರ್ಬಾ ಮುಗಿಯುವ ತನಕ ರಸ್ತೆ ತುಂಬಿರುತ್ತದೆ, ವಡೋದರಾದಲ್ಲಂತೂ ಇನ್ನೂ ಹೆಚ್ಚು. ಆಷಾಢದ ರಥಯಾತ್ರೆಯಂದು ಅಹಮದಾಬಾದಿನ ಹಳೆ ನಗರಕ್ಕೆ ಗಾಡಿ ಹೋಗುವುದು ಕಷ್ಟ. ಮೊಟೇರಾದ ಸ್ಟೇಡಿಯಂನಲ್ಲಿ ದೊಡ್ಡ ಪಂದ್ಯವಿದ್ದರೆ 1,32,000 ಆಸನಗಳ ಜನ ಒಂದೇ ಹೊತ್ತಿಗೆ ಹೊರಬರುತ್ತಾರೆ, ಕ್ಯಾಬ್ ಸಿಗುವುದಿಲ್ಲ.

ಇನ್ನೊಂದು ಮುಖ್ಯ ಮಾತು. ಗುಜರಾತ್ ಪಾನನಿಷೇಧದ ರಾಜ್ಯ. ಪರವಾನಗಿಯಿಲ್ಲದೆ ಪೆಟ್ಟಿಗೆಯಲ್ಲಿ ಮದ್ಯದ ಬಾಟಲಿ ಒಯ್ಯುವುದು ಅಪರಾಧ. ಯಾರಿಗೋ ಉಡುಗೊರೆ ಎಂದು ಇಟ್ಟುಕೊಂಡಿದ್ದರೂ ಅಷ್ಟೇ.

ನಾಲ್ಕು ಗುಜರಾತಿ ಮಾತು

ಹಿಂದಿ ಎಲ್ಲೆಡೆ ನಡೆಯುತ್ತದೆ. ಆದರೂ ಅವರ ಮಾತಿನಲ್ಲಿ ಎರಡು ಪದ ಆಡಿದರೆ ಮುಖ ಅರಳುತ್ತದೆ. ಡ್ರೈವರ್‌ಗೆ 'ಭಾಈ', ಹಿರಿಯರಾದರೆ 'ಕಾಕಾ' ಎನ್ನಿ. 'ಕೇಟ್ಲಾ ಥಶೆ?' ಎಂದರೆ ಎಷ್ಟಾಗುತ್ತದೆ? 'ಮೀಟರ್‌ಥಿ ಆವ್‌ಶೊ?' ಎಂದರೆ ಮೀಟರಿಗೆ ಬರುತ್ತೀರಾ? 'ಡಾಬಿ ಬಾಜು' ಎಡಕ್ಕೆ, 'ಜಮಣಿ ಬಾಜು' ಬಲಕ್ಕೆ, 'ಅಹೀಂ ಊಭಿ ರಾಖೊ' ಇಲ್ಲಿ ನಿಲ್ಲಿಸಿ. 'ಸಾಮಾನ್' ನಮ್ಮ ಸಾಮಾನೇ. ವಿಳಾಸದಲ್ಲಿ 'ಚಾರ್ ರಸ್ತಾ', 'ಚೋಕಡಿ' ಎಂದಿದ್ದರೆ ಅದು ನಾಲ್ಕು ರಸ್ತೆ ಸೇರುವ ವೃತ್ತ, 'ದರ್ವಾಜಾ' ಎಂದರೆ ಹಳೆ ಕೋಟೆಯ ಬಾಗಿಲು. ಬಾಗಿಲು ಉಳಿಯದಿದ್ದರೂ ಹೆಸರು ಉಳಿದಿದೆ.

ಹೊರಡುವ ಹಿಂದಿನ ಸಂಜೆ

ಮನೆಯಲ್ಲಿ ಪೆಟ್ಟಿಗೆಗಳನ್ನು ಕಟ್ಟಿ ಬಾಗಿಲ ಬಳಿ ಸಾಲಾಗಿ ಇಟ್ಟ ಮೇಲೆ ಹೋಟೆಲಿಗೆ ಒಂದು ಫೋನ್ ಮಾಡಿ. ಕಾರು ನಿಮ್ಮ ಬಾಗಿಲ ತನಕ ಬರುತ್ತದೆಯೇ? ಬಾರದಿದ್ದರೆ ಎಲ್ಲಿ ಇಳಿಯಬೇಕು? ರಿಸೆಪ್ಷನ್ ಯಾವ ಮಹಡಿಯಲ್ಲಿದೆ, ಲಿಫ್ಟ್ ಇದೆಯೇ? ರಿಲೀಫ್ ರಸ್ತೆಯಲ್ಲೂ ಸೂರತ್ ಸ್ಟೇಷನ್ ಬಳಿಯಲ್ಲೂ ಅಂಗಡಿ ಸಂಕೀರ್ಣದ ಮೇಲಿನ ಮಹಡಿಯಲ್ಲಿರುವ ಹೋಟೆಲುಗಳಿರುವುದರಿಂದ ಈ ಕೊನೆಯ ಪ್ರಶ್ನೆ ಬಿಡಬೇಡಿ. ಆಮೇಲೆ ಬಾಗಿಲ ಬಳಿಯ ಪೆಟ್ಟಿಗೆಗಳ ಒಂದು ಫೋಟೊ ತೆಗೆದುಕೊಳ್ಳಿ. ಗುಜರಾತಿನಲ್ಲಿ ಇಳಿದು ಕ್ಯಾಬ್ ಬುಕ್ ಆದಾಗ ಅದನ್ನೇ ಡ್ರೈವರ್‌ಗೆ ಕಳಿಸಿ, 'ಭಾಈ, ಇಷ್ಟು ಸಾಮಾನ್ ಹಿಡಿಯುತ್ತದೆಯೇ?' ಎಂದು ಕೇಳಿ. ದಿನವೂ ಡಿಕ್ಕಿ ತೆರೆದು ಮುಚ್ಚುವ ಅವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಕಳೆದ ಸಲ ನಾನು ಹಾಗೆ ಕಳಿಸಿದ ಫೋಟೊಗೆ ಡ್ರೈವರ್ ಒಬ್ಬರು, 'ನನ್ನ ಗಾಡಿಯಲ್ಲಿ ಆಗುವುದಿಲ್ಲ, ದೊಡ್ಡದು ಮಾಡಿಕೊಳ್ಳಿ' ಎಂದು ಉತ್ತರ ಕೊಟ್ಟರು. ಬುಕಿಂಗ್ ಬದಲಿಸಲು ಎರಡು ನಿಮಿಷ ಸಾಕಾಯಿತು. ಆ ರಾತ್ರಿ ಅಮ್ಮ ಎಲ್ಲಿಯೂ ಕಾಯದೆ, ಟ್ರಾಲಿಯಿಂದ ನೇರ ಕಾರಿನ ಸೀಟಿಗೆ ಹೋಗಿ ಕೂತರು.